ಹಳದಿ ಗೀಟು

ಗ್ಯಾರೇಜಿನ ಮುಂದಿನ ರಸ್ತೆಯುಬ್ಬು ದಾಟುವಾಗ ಆ ಕಾರು ಟಕ್ ಟಕ್ ಎಂದಿತು. ಗುಂಡಿಯೊಳಗೆ ನಿಂತು ಯಾವುದೋ ವ್ಯಾನಿನ ಹೊಟ್ಟೆಗೆ ಕೈ ಹಾಕಿದ್ದ ಚಿಕ್ಕ ಮೇಸ್ತ್ರಿಯ ಸ್ಪ್ಯಾನರ್ ಅಲ್ಲೇ ನಿಂತಿತು. ಆ ಸದ್ದು ಅವನಿಗೆ ಗೊತ್ತಿಲ್ಲದ್ದೇ? ನಾಲ್ಕು ವರ್ಷ ದಿನಾ ಸಂಜೆ ಕೇಳಿದ ಸದ್ದು. ಆದರೆ ಆ ಕಾರು ಓಡಿಸುತ್ತಿದ್ದ ಅಣ್ಣ ಸತ್ತು ಆಗಲೇ ಮೂರು ತಿಂಗಳು.

ಗುಂಡಿಯಿಂದ ತಲೆ ಎತ್ತಿ ನೋಡಿದ. ಸ್ಟೀರಿಂಗ್ ಹಿಡಿದು ಕೂತಿದ್ದವಳು ಅತ್ತಿಗೆ.

ಚಿಕ್ಕ ಮೇಸ್ತ್ರಿ ಎಂದರೆ ಹುಡುಗ ಅಂದುಕೊಳ್ಳಬೇಡಿ. ವಯಸ್ಸು ಐವತ್ತೆರಡು, ತಲೆಯಲ್ಲಿ ಕಪ್ಪು ಕೂದಲನ್ನು ಹುಡುಕಿ ತೆಗೆಯಬೇಕು. ದೊಡ್ಡ ಮೇಸ್ತ್ರಿ ಅಂದರೆ ಅವನ ಅಣ್ಣ. ಆ ಅಣ್ಣ ಗ್ಯಾರೇಜಿನ ಬೀಗದ ಕೈ ತಮ್ಮನ ಅಂಗೈಲಿಟ್ಟು ಹೊರಟುಹೋಗಿ ಆರು ವರ್ಷವಾದರೂ ಜನ ಇವನಿಗೆ ಬಡ್ತಿ ಕೊಟ್ಟಿರಲಿಲ್ಲ. ಕೊಡದಿದ್ದದ್ದೇ ಸರಿ.

"ಕೆಲಸಕ್ಕೆ ಹೋಗಿ ಬರೋಕೆ ಇದೇ ಗತಿ ನಂಗೆ," ಅಂದಳು ಅತ್ತಿಗೆ, ಕೆಳಗಿಳಿದು. "ಓಡುತ್ತೋ, ಗುಜರಿಗೆ ಹಾಕ್ಲೋ? ಸುತ್ತಿ ಬಳಸಿ ಮಾತಾಡ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು."

ಇದ್ದದ್ದು ಇದ್ದ ಹಾಗೆ! ಅವನ ಮುಖ ಹುಳ್ಳಗಾಯಿತು. "ನೋಡ್ತೀನಿ ಅತ್ತಿಗೆ," ಎಂದಷ್ಟೇ ಹೇಳಿದ.

"ಡಿಕ್ಕಿಯಲ್ಲಿ ನಿಮ್ಮಣ್ಣನ ಪೆಟ್ಟಿಗೆ ಇದೆ. ಬೇಕಾಗಬಹುದು." ಅವಳು ಹೊರಟುಹೋದಳು.

ಆರು ವರ್ಷದ ಹಿಂದಿನ ಮಾತು. ಅಣ್ಣತಮ್ಮಂದಿರ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಚಕ್ರ ಹಿಡಿದಿಡುವ ಆರ್ಮಿನ ಬೋಲ್ಟುಗಳನ್ನು ಕಾರು ಜ್ಯಾಕಿನ ಮೇಲಿರುವಾಗ ಬೆರಳಲ್ಲಷ್ಟೇ ಸಿಕ್ಕಿಸುವುದು. ಕಾರನ್ನು ಇಳಿಸಿ, ಅದರ ಭಾರವೆಲ್ಲ ಚಕ್ರದ ಮೇಲೆ ಕೂತ ಮೇಲೆ ಕೊನೆಯ ಬಿಗಿ. ಮೊದಲೇ ಬಿಗಿದರೆ ಒಳಗಿನ ರಬ್ಬರು ತಿರುಚಿಕೊಂಡು ಹರಿಯುತ್ತದೆ. ಅಣ್ಣ ಬಿಗಿ ಮಾಡಬೇಕು, ತಮ್ಮ ಸ್ಪ್ಯಾನರ್ ಹಾಕಿ ಎಳೆದು ನೋಡಬೇಕು, ಆಮೇಲೆ ಬೋಲ್ಟಿನ ಮೇಲೆ ಹಳದಿ ಬಣ್ಣದ ಗೀಟು ಎಳೆಯಬೇಕು. ಬಿಗಿ ಮಾಡಿದವನೇ ಗೀಟು ಹಾಕುವಂತಿಲ್ಲ. ಗೀಟು ಬಿದ್ದ ಬೋಲ್ಟನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ.

ಆ ದಿನ ದರ್ಜಿಯೊಬ್ಬನ ಕಾರು ಜ್ಯಾಕಿನ ಮೇಲಿತ್ತು. ಅಣ್ಣ ನಾಲ್ಕು ಬೋಲ್ಟು ಸಿಕ್ಕಿಸಿದ್ದ. ಅಷ್ಟರಲ್ಲಿ ಯಾರೋ ಕರೆದರೆಂದು ಹೊರಗೆ ಹೋದ. ತಮ್ಮನಿಗೆ ಹಸಿವು. ಕಾರು ಮೇಲಿದ್ದಾಗ ಬ್ರಷ್ಷು ಸಲೀಸಾಗಿ ಆಡುತ್ತದೆ, ಅಣ್ಣ ಹೇಗೂ ಬಿಗಿ ಮಾಡೇ ಮಾಡುತ್ತಾನೆ ಅಂದುಕೊಂಡು ನಾಲ್ಕಕ್ಕೂ ಗೀಟು ಎಳೆದ, ಕಾರು ಇಳಿಸಿದ, ಊಟಕ್ಕೆ ಹೋದ. ಅಣ್ಣ ಬಂದು ನೋಡಿದರೆ ಕಾರು ನೆಲದ ಮೇಲಿದೆ, ಬೋಲ್ಟಿನ ಮೇಲೆ ಗೀಟಿದೆ. ಅವಸರಕ್ಕೆ ಕಟ್ಟಳೆ ಬಿಟ್ಟು ತಮ್ಮನೇ ಬಿಗಿ ಮಾಡಿ ಮುಗಿಸಿದ್ದಾನೆ ಅಂದುಕೊಂಡ. ಗೀಟಿನ ಮೇಲೆ ಅನುಮಾನಪಡುವುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಕೀಲಿ ಕೊಟ್ಟು ಕಳಿಸಿಬಿಟ್ಟ.

ಮಾರನೇ ದಿನ ಬೋಲ್ಟೊಂದು ಕಳಚಿ ಕಾರು ಗೋಡೆಗೆ ಗುದ್ದಿತು. ದರ್ಜಿಯ ಎಡಮಂಡಿ ಪುಡಿಪುಡಿ. ಇವತ್ತಿಗೂ ಅವನು ಒಂದೇ ಕಾಲಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಾನೆ. ಜನ ಗ್ಯಾರೇಜಿಗೆ ಬಂದು, "ಯಾರು ಮಾಡಿದ್ದು ಇದು?" ಅಂದಾಗ ಅಣ್ಣ ಮುಂದೆ ಬಂದ. "ಬಿಗಿ ಮಾಡೋದು ನನ್ನ ಕೆಲಸ. ನಾನು ಮಾಡ್ಲಿಲ್ಲ," ಅಂದ. ಪಕ್ಕದಲ್ಲಿ ಕೈಯಲ್ಲಿ ಬ್ರಷ್ಷು ಹಿಡಿದು ನಿಂತಿದ್ದ ಮಹಾನುಭಾವ ತುಟಿ ಪಿಟಕ್ಕೆನ್ನಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುತ್ತ ಆರು ವರ್ಷ ತಳ್ಳಿದ. ಅಣ್ಣ ಗೋದಾಮೊಂದರ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನು ಬಾಗಿಲು ಕಾಯುವುದೆಂದರೆ! ಸಂಜೆ ಹೊತ್ತು ಅವನ ಕಾರು ಉಬ್ಬಿನ ಮೇಲೆ ನಿಧಾನವಾಗಿ ಟಕ್ ಟಕ್ ಅಂದಾಗೆಲ್ಲ ತಮ್ಮ ಯಾವುದಾದರೂ ಗಾಡಿಯ ಕೆಳಗೆ ನುಸುಳಿಕೊಳ್ಳುತ್ತಿದ್ದ.

ಈಗ ವ್ಯಾನಿನ ಜಾಗದಲ್ಲಿ ಅದೇ ಕಾರು ಅವನ ಗುಂಡಿಯ ಮೇಲೆ ಬಂದು ನಿಂತಿದೆ. ಇದು ಇಲ್ಲಿಂದ ಹೊರಡುವ ಮೊದಲು ಅತ್ತಿಗೆಗೆ ನಿಜ ಹೇಳಿಬಿಡಬೇಕು. ಈಗಲೂ ಹೇಳದಿದ್ದರೆ ಇನ್ನು ಸಾಯುವವರೆಗೆ ಹೇಳುವುದಿಲ್ಲ, ಅದು ಅವನಿಗೇ ಗೊತ್ತಿತ್ತು.

ಕೆಳಗಿಳಿದು ಟಾರ್ಚು ಹಾಕಿದ. ಅಯ್ಯೋ, ಇದು ದೊಡ್ಡ ಮೇಸ್ತ್ರಿಯ ಕಾರಾ? ಆರ್ಮುಗಳು ತುಕ್ಕು ಹಿಡಿದು ಪದರಪದರವಾಗಿ ಏಳುತ್ತಿದ್ದವು. ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಯಿತು. ಸ್ಪ್ರಿಂಗೊಂದರ ಕೊನೆಯ ಸುತ್ತು ಮುರಿದುಬಿದ್ದಿತ್ತು. ಊರಿನ ಕಾರುಗಳಿಗೆಲ್ಲ ಧನ್ವಂತರಿಯಾಗಿದ್ದವನು ತನ್ನ ಕಾರನ್ನು ಹೀಗೆ ಯಾಕೆ ಬಿಟ್ಟ ಎಂಬುದು ಅವನಿಗೆ ಅರ್ಥವಾಗಲಿಲ್ಲ.

ಡಿಕ್ಕಿ ತೆಗೆದ. ಪೆಟ್ಟಿಗೆಯೊಳಗೆ ಎಣ್ಣೆ ಕಾಗದ ಸುತ್ತಿದ ಎರಡು ಹೊಸ ಆರ್ಮು, ಎರಡು ಸ್ಪ್ರಿಂಗು, ರಬ್ಬರ್ ಬುಷ್ಷು, ನಾಲ್ಕು ಬೋಲ್ಟು. ಒಂದು ಚೂರೂ ತುಕ್ಕಿಲ್ಲ. ಚೀಟಿಯ ಮೇಲಿನ ತಾರೀಕು ನಾಲ್ಕು ವರ್ಷ ಹಿಂದಿನದು. ಮೂಲೆಯಲ್ಲೊಂದು ಪುಟ್ಟ ಡಬ್ಬ. ಮುಚ್ಚಳ ಎಬ್ಬಿಸಿದರೆ ಹಳದಿ ಬಣ್ಣ, ಒಣಗಿ ಕಲ್ಲಾಗಿತ್ತು. ಅವನು ಡಬ್ಬವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಡಿಕ್ಕಿಯ ಅಂಚಿನ ಮೇಲೇ ಕೂತ.

ಎರಡು ದಿನ ಹಿಡಿಯಿತು. ಹಳೇ ಬೋಲ್ಟುಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟ, ಬೆಂಕಿ ಕೊಟ್ಟ, ಸುತ್ತಿಗೆಯಲ್ಲಿ ಹೊಡೆದ, ಬಾಯಿಗೆ ಬಂದ ಹಾಗೆ ಬೈದ. ಕೊನೆಗೆ ಗರಗಸ ತಂದು ಕೊಯ್ಯುತ್ತ ಕೂತ. ತುಕ್ಕಿನ ಪುಡಿ ಕಣ್ಣಿಗೆ ಬಿತ್ತು. ಒರೆಸಿಕೊಂಡರೂ ನೀರು ನಿಲ್ಲಲಿಲ್ಲ. ಯಾರಾದರೂ ಕೇಳಿದರೆ ತುಕ್ಕಿನ ಮೇಲೆ ಹಾಕೋಣ ಅಂದುಕೊಂಡ, ಕೇಳುವವರು ಯಾರೂ ಇರಲಿಲ್ಲ. ಹೊಸದನ್ನೆಲ್ಲ ಜೋಡಿಸಿ, ಕಾರು ಇಳಿಸಿ, ಭಾರ ಕೂರಿಸಿ, ಗುಂಡಿಯಲ್ಲಿ ನಿಂತು ನಾಲ್ಕೂ ಬೋಲ್ಟು ಬಿಗಿದ. ಗೀಟು ಹಾಕಲಿಲ್ಲ.

ಮಧ್ಯಾಹ್ನ ಅತ್ತಿಗೆ ಬಂದಳು. "ಆಯ್ತಾ?"

"ಅತ್ತಿಗೆ, ಒಂದು ಮಾತು." ಸ್ಪ್ಯಾನರ್ ಕೆಳಗಿಟ್ಟ. "ಆ ದರ್ಜಿಯವರ ಕಾರು... ಬಿಗಿ ಮಾಡೋಕೆ ಮುಂಚೆನೇ ಗೀಟು ಎಳೆದವನು ನಾನು. ಅಣ್ಣಂದು ತಪ್ಪಿಲ್ಲ. ಊಟಕ್ಕೆ ಹೊತ್ತಾಯ್ತು ಅಂತ ಎಳೆದುಬಿಟ್ಟೆ. ಆಮೇಲೆ ಹೆದರಿಕೊಂಡು ಬಾಯಿ ಬಿಡ್ಲಿಲ್ಲ."

ಅತ್ತಿಗೆ ಕಾರಿನ ಬಾಗಿಲಿಗೆ ಒರಗಿದಳು. "ಗೊತ್ತು," ಅಂದಳು.

"ಅಣ್ಣಂಗೆ...?"

"ಅವತ್ತೇ ಗೊತ್ತಾಗಿತ್ತು. ಕಳಚದೆ ಉಳಿದಿದ್ದ ಬೋಲ್ಟು ಕೈಯಲ್ಲೇ ತಿರುಗ್ತಿತ್ತಂತೆ, ಮೇಲೆ ನೀಟಾಗಿ ಗೀಟು. ಮನೆಗೆ ಬಂದು, 'ನನ್ನ ತಮ್ಮಂಗೆ ಮೊದಲು ಊಟ, ಆಮೇಲೆ ಬೋಲ್ಟು' ಅಂತ ನಕ್ಕರು. ನಗ್ತಾ ನಗ್ತಾ ಅತ್ತುಬಿಟ್ರು. 'ಅವನೇ ಬಂದು ಹೇಳ್ಲಿ, ನಾನು ಕೇಳಲ್ಲ' ಅಂದ್ರು."

ಅವನು ಕಾರಿನ ಕಡೆ ತಿರುಗಿ ಡಿಕ್ಕಿಯ ಮೇಲೆ ಕೈಯಿಟ್ಟ.

"ಈ ಕಾರು ಟಕ್ ಟಕ್ ಅನ್ನೋಕೆ ಶುರುವಾದಾಗ ಖುಷಿಯಾಗಿ ಹೋಗಿ ಸಾಮಾನು ತಂದ್ರು. ಹಾಕ್ಕೊಳ್ರಿ, ನಿಮಗೇನು ದೊಡ್ಡ ಕೆಲಸವಾ ಅಂದೆ. 'ಬಿಗಿ ಮಾಡಿದವನೇ ಗೀಟು ಹಾಕಂಗಿಲ್ಲ ಕಣೇ, ತಮ್ಮ ಬರ್ತಾನೆ' ಅಂದ್ರು. ದಿನಾ ಸಂಜೆ ಈ ರಸ್ತೇಲೇ ಬರೋರು. ನಮ್ಮನೆಗೆ ಇದು ಸುತ್ತು ದಾರಿ. ಈ ಸದ್ದು ಕೇಳಿದ್ರೆ ಅವನ ಕೈ ಸುಮ್ಮನಿರಲ್ಲ, ಓಡಿ ಬಂದು ನಿಲ್ಲಿಸ್ತಾನೆ ಅಂತಿದ್ರು."

"ನನ್ನ ಅಣಕಿಸೋಕೆ ಅಂದ್ಕೊಂಡಿದ್ದೆ ಅತ್ತಿಗೆ..."

"ಅಣಕಿಸೋಕೆ ಯಾರಾದ್ರೂ ನಾಲ್ಕು ವರ್ಷ ಪೆಟ್ರೋಲ್ ಸುಡ್ತಾರೇನೋ, ದಡ್ಡ!" ಅವಳ ದನಿ ಒಡೆಯಿತು. ಬಾಗಿಲಿಗೆ ಒರಗಿದ್ದವಳು ನೆಟ್ಟಗೆ ನಿಂತು ಹೇಳಿದಳು: "ಆ ಬೋಲ್ಟಿನ ಸಿಟ್ಟು ನಂಗೆ ಯಾವತ್ತೋ ಹೋಯ್ತು. ಈ ನಾಲ್ಕು ವರ್ಷದ್ದು ಹೋಗಲ್ಲ. ಹೋಗುತ್ತೆ ಅಂತ ಸುಳ್ಳು ಹೇಳಲ್ಲ."

"ಬೇಡ, ಹೇಳ್ಬೇಡಿ," ಅಂದ ಅವನು.

"ದರ್ಜಿಗೆ?"

"ಇವತ್ತೇ ಹೋಗ್ತೀನಿ."

ಅವನು ತನ್ನ ಹಳದಿ ಡಬ್ಬದ ಮುಚ್ಚಳ ತೆಗೆದು, ಬ್ರಷ್ಷನ್ನೂ ಸ್ಪ್ಯಾನರನ್ನೂ ಅವಳ ಮುಂದೆ ಹಿಡಿದ. ಅತ್ತಿಗೆ ಎರಡನ್ನೂ ತೆಗೆದುಕೊಂಡಳು. ತೋಳು ಮೇಲೇರಿಸಿ ಗುಂಡಿಗೆ ಇಳಿದಳು. ಒಂದೊಂದು ಬೋಲ್ಟಿಗೂ ಸ್ಪ್ಯಾನರ್ ಹಾಕಿ, ಮೈಭಾರವೆಲ್ಲ ಬಿಟ್ಟು ಎಳೆದಳು. ಒಂದೂ ಕದಲಲಿಲ್ಲ. ಒಂದೊಂದಕ್ಕೂ ಗೀಟು ಎಳೆದಳು. ನಾಲ್ಕನೆಯದು ಸೊಟ್ಟಗಾಯಿತು.

ಕಾರು ಹೊರಟಿತು. ಅವನು ಈ ಸಲ ಯಾವ ಗಾಡಿಯ ಕೆಳಗೂ ನುಸುಳಲಿಲ್ಲ. ಬಾಗಿಲಲ್ಲಿ ನಿಂತು, ಉಬ್ಬಿನ ಕಡೆಗೇ ಕಿವಿಗೊಟ್ಟು ಕಾದ. ಮುಂದಿನ ಚಕ್ರ ಏರಿತು, ಇಳಿಯಿತು. ಹಿಂದಿನ ಚಕ್ರ ಏರಿತು, ಇಳಿಯಿತು. ಒಂದು ಚೂರೂ ಸದ್ದಾಗಲಿಲ್ಲ.

"ಅಣ್ಣಾ," ಎಂದು ಅವನು ಜೋರಾಗಿಯೇ ಕೂಗಿದ. ಅತ್ತಿಗೆ ಕಾರು ನಿಲ್ಲಿಸಲಿಲ್ಲ.