ನೂರು ವಾಟೋ, ಇಪ್ಪತ್ತೋ

ಬ್ಯಾಂಡಿನ ಅಭ್ಯಾಸದ ನಡುವೆಯೇ ವೆಸ್ನಾಳ ಹಳೆಯ ಆಂಪ್ಲಿಫೈಯರ್ ಹೊಗೆಯಾಡಿ ಸತ್ತಿತು. ಹದಿನೆಂಟು ವರ್ಷ ಅವಳ ಗಿಟಾರಿಗೆ ಗಂಟಲಾಗಿದ್ದ ನೂರು ವಾಟಿನ ಪೆಟ್ಟಿಗೆ ಅದು. ಆಸ್ಟ್ರೇಲಿಯಾದ ವೊಲೊಂಗಾಂಗ್ ಊರಿನ ಪಬ್ಬಿನಲ್ಲಿ ಕಾರ್ಯಕ್ರಮಕ್ಕೆ ಮೂರೇ ವಾರ ಉಳಿದಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಅವಳಿಗೆ ಶನಿವಾರ ರಜೆ. ಬೆಳಿಗ್ಗೆಯೇ ಆಂಪ್ಲಿಫೈಯರ್ ಮಾರುವ ನೋಯೆಲನ ಅಂಗಡಿಗೆ ಹೊರಟಳು. ಕೀರನ್ ತಾನೂ ಬರುತ್ತೇನೆಂದು ತನ್ನ ಕಾರು ತಂದ. ಶಾಲೆಯ ದಿನಗಳಿಂದ ಅವಳ ಎಡಗಡೆ ಕೂತು ಡ್ರಮ್ ಬಡಿದವನು ಅವನು.

"ನೂರರದ್ದೇ ತಗೋ. ಅದರಲ್ಲಿ ಯೋಚನೆ ಮಾಡೋಕೇನಿದೆ?" ಎಂದ ಕೀರನ್.

"ಇಪ್ಪತ್ತರದ್ದೂ ನೋಡ್ತೀನಿ."

"ಇಪ್ಪತ್ತಾ? ನಿಮ್ಮಮ್ಮ ಟೀವಿ ನೋಡ್ತಿರೋವಾಗ ಪಕ್ಕದಲ್ಲಿ ಕೂತು ನುಡಿಸೋಕಾ?"

ನೋಯೆಲ್ ಕನ್ನಡಕದ ಮೇಲಿಂದ ನೋಡಿದ. "ಐದು ಪಟ್ಟು ವಾಟ್ ಅಂದ್ರೆ ಐದು ಪಟ್ಟು ಸದ್ದಲ್ಲ ಕಣಯ್ಯಾ. ಕಿವಿಗೆ ಒಂದೂವರೆ ಪಟ್ಟು ಅನ್ನಿಸೀತು, ಅಷ್ಟೇ. ಆ ಒರಟು ಗರ್ಜನೆ ಹುಟ್ಟೋದು ಮುಂದಿನ ಸಣ್ಣ ಗಾಜಿನ ವಾಲ್ವ್‌ಗಳಲ್ಲಿ, ಅವು ಎರಡರಲ್ಲೂ ಒಂದೇ. ನೂರರಲ್ಲಿ ಕೆಳಗಿನ ಸ್ವರ ಗಟ್ಟಿಯಾಗಿ ನಿಲ್ಲುತ್ತೆ, ಸುಳ್ಳು ಹೇಳಲ್ಲ. ಪಬ್ಬಲ್ಲಂತೂ ಹೇಗೂ ಮೈಕ್ ಇಡ್ತಾರೆ."

ಮೊದಲು ನೂರರದ್ದನ್ನು ಹಚ್ಚಿದರು. ವೆಸ್ನಾ ನಾಲ್ಕು ಸ್ವರ ನುಡಿಸಿ ಮುಖ ಸಿಂಡರಿಸಿದಳು. "ಮಂಕಾಗಿದೆ," ಎನ್ನುತ್ತ ಮೇಲಿನ ಸ್ವರಗಳ ಗುಂಡಿ ತಿರುಗಿಸಿದಳು. ಮತ್ತೆ ನುಡಿಸಿ ಇನ್ನಷ್ಟು ತಿರುಗಿಸಿದಳು. ಸಣ್ಣದಕ್ಕೂ ಅದೇ ದೂರು ಹೇಳಿ ಗುಂಡಿಯನ್ನು ಕೊನೆಯವರೆಗೆ ಒಯ್ದಳು. ತಲೆಯೆತ್ತಿದರೆ ಕೀರನ್ ಎರಡೂ ಕಿವಿ ಮುಚ್ಚಿಕೊಂಡಿದ್ದ. ನೋಯೆಲ್ ಮೆಲ್ಲಗೆ ಸ್ವಿಚ್ ಆರಿಸಿದ.

"ಕಿವೀನ ಡಾಕ್ಟರಿಗೆ ತೋರಿಸಿದ್ದೀಯಾ?" ಎಂದ.

ವೆಸ್ನಾಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎರಡು ವರ್ಷ ಆಯ್ತು. ಎಡಗಿವೀಲಿ ಮೇಲಿನ ಸ್ವರ ಹೋಗಿದೆ. ಮಿಕ್ಕಿದ್ದನ್ನ ಕಾಪಾಡ್ಕೊಳ್ಳಿ ಅಂದ್ರು."

ಕೀರನ್ ಹೊರಗೆ ಹೋದ.

ಅವಳು ಇಪ್ಪತ್ತರದ್ದನ್ನೇ ಕೊಂಡು ಹೊತ್ತು ತಂದಳು. ಅವನು ಕಾರಿಗೆ ಒರಗಿ ನಿಂತಿದ್ದ.

"ಎರಡು ವರ್ಷ ವೆಸ್ನಾ. ನನ್ನ ಪಕ್ಕದಲ್ಲೇ ನಿಂತ್ಕೊಂಡು."

"ಹೇಳಿದ್ದಿದ್ರೆ ಬೇರೆಯವರನ್ನ ಹುಡುಕ್ತಿದ್ರಿ."

ಇಲ್ಲ ಎನ್ನುತ್ತಾನೆಂದು ಅವಳು ಕಾದಳು. ಅವನು ಅನ್ನಲಿಲ್ಲ. ಅದು ಅವಳಿಗೆ ಡಾಕ್ಟರ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು. ಪೋರ್ಟ್ ಕೆಂಬ್ಲಾದಲ್ಲಿ ಅವಳ ಮನೆಯ ಮುಂದೆ ಕಾರು ನಿಂತಾಗ ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೂತ.

"ನನ್ನ ಕಿವೀನೂ ಸರಿಯಿಲ್ಲ. ಒಳಗೆ ಕೂಗುತ್ತೆ. ಜೀರುಂಡೆ ಥರ," ಎಂದ.

"ಯಾವತ್ತಿಂದ?"

"ಲೆಕ್ಕ ಇಟ್ಟಿಲ್ಲ. ತೋರಿಸೋಕೆ ಧೈರ್ಯ ಬರ್ಲಿಲ್ಲ ಕಣೇ."

ಕಾರ್ಯಕ್ರಮ ನಡೆಯಿತು. ಕೆಳಗಿನ ಸ್ವರ ಕೊಂಚ ತೆಳುವಾಯಿತು, ಅಷ್ಟೇ. ಇಬ್ಬರೂ ಕಿವಿಗೆ ಬಿರಡೆ ಹಾಕಿಕೊಂಡು ನುಡಿಸಿದರು. ವಾಟ್ ಎಷ್ಟೆಂದು ಜನರಲ್ಲಿ ಯಾರೂ ಕೇಳಲಿಲ್ಲ. ಚಪ್ಪಾಳೆಯ ನಡುವೆ ವೆಸ್ನಾಳಿಗೆ ಸಂತೋಷಕ್ಕಿಂತ ಮೈಯೆಲ್ಲ ಬಸವಳಿದ ಸುಸ್ತೇ ಹೆಚ್ಚಾಗಿತ್ತು.

ಮುಂದಿನ ಮಂಗಳವಾರ ಅವಳು ಪಾಳಿ ಬದಲಿಸಿಕೊಂಡು ಕೀರನ್‌ನನ್ನು ಕಿವಿ ತಪಾಸಣೆಗೆ ಕರೆದೊಯ್ದಳು. ಸದ್ದು ಒಳಬಾರದ ಕೋಣೆಯ ದಪ್ಪ ಬಾಗಿಲು ಅವನ ಹಿಂದೆ ಮುಚ್ಚಿತು. ನಲವತ್ತು ನಿಮಿಷ ಹೊರಗೆ ಕೂತಳು. ಬಂದವನು ಮಡಿಸಿದ ಕಾಗದವನ್ನು ಅವಳ ಕೈಗಿಟ್ಟು ಕಿಟಕಿಯ ಕಡೆ ತಿರುಗಿ ನಿಂತ. ಅವಳು ಬಿಡಿಸಿ ನೋಡಿದಳು. ಕೇಳುವ ಶಕ್ತಿ ತೋರಿಸುವ ಅವನ ಗೆರೆ ಅವಳದಕ್ಕಿಂತಲೂ ಕೆಳಗೆ ಇಳಿದಿತ್ತು, ಎರಡೂ ಕಿವಿಯದ್ದು.