ನಾನು ಸತ್ತ ಸಿನಿಮಾ

ನಾನು ಸತ್ತ ಸುದ್ದಿ ನನಗೆ ಗೊತ್ತಾದದ್ದು ಹೊಸದುರ್ಗದ ಹಿಟ್ಟಿನ ಗಿರಣಿಯಲ್ಲಿ. ರಾಗಿ ಡಬ್ಬ ಪಾಳಿಗಿಟ್ಟು ನಿಂತಿದ್ದೆ. ಪಕ್ಕದ ಮನೆಯ ಜುಂಜಮ್ಮ ಫೋನು ಹಿಡಿದುಕೊಂಡು ಓಡಿಬಂದಳು.

“ಬರಗೇರಕ್ಕ, ನೀನು ಸತ್ತೋಗಿದ್ದೀಯಂತೆ! ನಿನ್ ತಮ್ಮನೇ ಹೇಳ್ತಾವ್ನೆ ನೋಡು.”

ಫೋನಿನಲ್ಲಿ ನನ್ನ ತಮ್ಮ ಪ್ರಭುಲಿಂಗ ಕಣ್ಣೊರೆಸಿಕೊಳ್ಳುತ್ತಿದ್ದ. ಸಿನಿಮಾದಲ್ಲಿ ಪಾರ್ಟು ಮಾಡುವವನು, ನಿರ್ದೇಶಕನೂ ಆಗಬೇಕೆಂದು ಒದ್ದಾಡುತ್ತಿದ್ದವನು. ಮೊದಲು ನಿಮ್ಮನ್ನು ನಂಬಿದವರು ಯಾರು ಸರ್ ಎಂದು ಸಂದರ್ಶನದ ಹುಡುಗಿ ಕೇಳಿದಳು. ನಮ್ಮಕ್ಕ ಎಂದ. ಅಲ್ಲಿಯವರೆಗೆ ನಿಜ. ಆಮೇಲೆ ಇವನು ಮತ್ತೆ ಕಣ್ಣೊರೆಸಿಕೊಂಡ. ಹುಡುಗಿ ತಾನೇ ಮುಖ ಸಪ್ಪಗೆ ಮಾಡಿಕೊಂಡು, “ಈಗ ಅವರು ಇಲ್ವಾ?” ಎಂದಳು. ಇವನು ಇಲ್ಲವೆನ್ನುವ ಹಾಗೆ ಮೆತ್ತಗೆ ತಲೆಯಾಡಿಸಿದ. ಅಷ್ಟಕ್ಕೇ ನನ್ನ ಕಥೆ ಮುಗಿಯಿತು.

ಗಿರಣಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸುಳ್ಳು ಸಾವಿನ ಸುದ್ದಿ ಬಂದರೆ ಆಯುಸ್ಸು ಗಟ್ಟಿ ಅನ್ನುತ್ತಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಮನೆಗೆ ಬಂದು ಮುದ್ದೆ ತಿರುವುವಾಗ ಮಾತ್ರ ಮೈಯೆಲ್ಲ ಉರಿಯಿತು.

ಅವನನ್ನು ಸಾಕಿದ್ದು ನಾನು. ಅವ್ವ ತೀರಿಕೊಂಡಾಗ ಅವನಿನ್ನೂ ಕೂಸು. ಅಪ್ಪ ಕುರಿಗಳ ಹಿಂದೆ ನಮ್ಮೂರು ಮತ್ತೋಡು ಬಿಟ್ಟರೆ ಮತ್ತೆ ಬರುವುದು ತಿಂಗಳುಗಳ ಮೇಲೆ. ಊರಿನ ನಾಟಕದಲ್ಲಿ ಇವನಿಗೆ ಹೆಣ್ಣು ಪಾರ್ಟು ಸಿಕ್ಕಾಗ ನನ್ನ ಸೀರೆಯನ್ನೇ ಉಡಿಸಿ, ಚಿಗುರುಮೀಸೆಯ ಮೇಲೆ ಪೌಡರು ಮೆತ್ತಿ ಕಳಿಸಿದ್ದೆ. ಬೆಂಗಳೂರಿಗೆ ಹೋದಮೇಲೆ ವರ್ಷಗಟ್ಟಲೆ ಹೀರೋ ಕೈಯಲ್ಲಿ ಒದೆ ತಿನ್ನುವ ರೌಡಿಯಾಗಿದ್ದ. ಆ ಒದೆಗೂ ಗತಿಯಿಲ್ಲದ ದಿನಗಳಲ್ಲಿ ನಮ್ಮ ಮನೆಗೆ ಬಂದು ಬಿದ್ದುಕೊಳ್ಳುತ್ತಿದ್ದ. ನನ್ನ ಯಜಮಾನರು ಅಜ್ಜಪ್ಪ, ಬಸ್ ಕಂಡಕ್ಟರು, ಒಂದು ದಿನವೂ ಮುಖ ಗಂಟು ಹಾಕಿದವರಲ್ಲ. “ಮಲ್ಕಳ್ಲಿ ಬಿಡೇ, ಎದ್ದ ದಿನ ಎಲ್ರಿಗಿಂತ ಮುಂದೆ ಓಡ್ತಾನೆ” ಎನ್ನುತ್ತಿದ್ದರು.

ಫೋನು ಹಚ್ಚಿದೆ.

“ಲೇ ಪ್ರಭು, ನನ್ನ ತಿಥಿ ಯಾವಾಗಪ್ಪ? ಊಟಕ್ಕೆ ನಾನೂ ಬರ್ತೀನಿ.”

ಆ ಕಡೆಯಿಂದ ಅಳು ಕೇಳಿಸಿತು.

“ಆ ಹುಡ್ಗಿ ಹಂಗೆ ಕೇಳ್ಬಿಟ್ಳು ಅಕ್ಕ, ಏನೂ ತೋಚದೆ ತಲೆ ಆಡಿಸ್ಬಿಟ್ಟೆ. ಅದನ್ನ ಜನ ಎಷ್ಟು ನೋಡ್ತಾವ್ರೆ ಗೊತ್ತಾ? ಇದನ್ನೇ ಸಿನಿಮಾ ಮಾಡು, ನೀನೇ ಡೈರೆಕ್ಟರು ಅಂತ ಪ್ರೊಡ್ಯೂಸರು ಹಿಂದೆ ಬಿದ್ದವ್ರೆ.”

“ನಾನು ಸಾಯೋ ಸಿನಿಮಾನಾ?”

“ಕತೇಲಿ ಅಷ್ಟೇ ಕಣಕ್ಕ. ಸಿನಿಮಾ ಬರ್ಲಿ. ಚಿತ್ರದುರ್ಗದಾಗೆ ನಿನ್ನ ಸ್ಟೇಜ್ ಮೇಲೆ ಕರ್ದು, ಇವಳೇ ನಮ್ಮಕ್ಕ, ಬದುಕವ್ಳೆ ಅಂತ ಎಲ್ರ ಮುಂದೆ ಹೇಳ್ತೀನಿ. ನಿನ್ನಾಣೆ.”

ನನ್ನಾಣೆಯಂತೆ! ಸತ್ತವಳ ಮೇಲೆ ಆಣೆ ಇಟ್ಟರೆ ಎಷ್ಟು ನಿಲ್ಲುತ್ತದೆ? ಆದರೂ ನಂಬಿದೆ. ಅವನು ‘ಅಕ್ಕ’ ಅಂದರೆ ನನ್ನ ಬುದ್ಧಿ ಅಲ್ಲಿಗೇ ಕೈಕೊಡುತ್ತದೆ.

ಸಿನಿಮಾ ಬಂತು. ಹಿರಿಯೂರು, ಹೊಳಲ್ಕೆರೆ ಎಲ್ಲ ಕಡೆಯೂ ಜನ ಮುಗಿಬಿದ್ದರು. ನಾನೂ ಯಜಮಾನರೂ ಹೋಗಿ ನೋಡಿದೆವು. ಬೆಳ್ಳಗಿನ ಹುಡುಗಿಯೊಬ್ಬಳು ಮುಖಕ್ಕೆ ಕಪ್ಪು ಬಳಿದುಕೊಂಡು ನಾನಾಗಿದ್ದಳು. ಹೆಸರೂ ಬರಗೇರಮ್ಮ. ತಮ್ಮನಿಗೆ ಉಣ್ಣಲಿಟ್ಟು ತಾನು ಹಸಿದು ಹಸಿದೇ ಸಾಯುತ್ತಾಳೆ. ಅದನ್ನು ಹೇಗೋ ಸಹಿಸಿದೆ. ಆದರೆ ಅವಳಿಗೊಬ್ಬ ಗಂಡನಿದ್ದ, ಕಂಡಕ್ಟರು, ಕುಡುಕ. ಉಣ್ಣುತ್ತಿದ್ದ ಭಾಮೈದನ ತಟ್ಟೆಯನ್ನು ಒದ್ದು ಅವನನ್ನು ಬೀದಿಗೆ ತಳ್ಳುತ್ತಾನೆ. ಥಿಯೇಟರಿನಲ್ಲಿ ಜನ ಆ ಕಂಡಕ್ಟರನಿಗೆ ಹಿಡಿಶಾಪ ಹಾಕಿದರು. ನನ್ನ ಪಕ್ಕದಲ್ಲಿ ಇವರು ಕೈಕಟ್ಟಿಕೊಂಡು ಕೂತೇ ಇದ್ದರು.

“ನನ್ನ ಪಾರ್ಟು ಚೆನ್ನಾಗೈತೆ ಬಿಡೇ” ಎಂದು ಹೊರಗೆ ಬಂದಮೇಲೆ ನಗಾಡಿದರು. ಆವತ್ತು ಊಟ ಮಾತ್ರ ಮಾಡಲಿಲ್ಲ.

ಚಿತ್ರದುರ್ಗದಲ್ಲಿ ವಿಜಯೋತ್ಸವ ಎಂದು ಕರೆ ಬಂದಾಗ ಇವರು ಬರಲೊಪ್ಪಲಿಲ್ಲ. ನಾನೊಬ್ಬಳೇ ಹೋದೆ. ನನಗೆ ಹಾರ ಬೇಡ, ಶಾಲು ಬೇಡ. ನಮ್ಮಕ್ಕ ಬದುಕವ್ಳೆ, ನಮ್ಮ ಭಾವ ದೇವರಂಥೋರು ಎಂದು ಅವನು ಮೈಕಿನಲ್ಲಿ ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತನ್ನು ಮನೆಗೆ ಒಯ್ದು ಇವರಿಗೆ ಹೇಳಬೇಕಿತ್ತು.

ತಮ್ಮನ ಮ್ಯಾನೇಜರ್ ಮಾರುತೇಶ್ ಬಾಗಿಲಲ್ಲೇ ಗುರುತು ಹಿಡಿದು ಮುಂದಿನ ಸಾಲಿಗೆ ಕರೆದೊಯ್ದ. “ಇಲ್ಲಿ ಕುಂತ್ಕಳ್ರಮ್ಮ. ಟೈಮ್ ನೋಡ್ಕೊಂಡು ಸರ್ ಕರೀತಾರೆ.”

ಸ್ಟೇಜಿನ ಮೇಲೆ ತಮ್ಮನಿಗೆ ಸೇಬಿನ ಹಾರ ಹಾಕಿದರು. ಭಾರಕ್ಕೆ ಕತ್ತು ಬಗ್ಗಿತ್ತು. ಪಾಪ ಅನ್ನಿಸಿತು ನನಗೆ, ನೋಡಿ ನನ್ನ ಹಣೆಬರಹ! ಮೈಕು ಹಿಡಿದು ಅವನು ಜನರ ಮೇಲೆ ಕಣ್ಣಾಡಿಸಿದ. ನನ್ನನ್ನು ಕಂಡ.

“ನಾನಿವತ್ತು ಇಲ್ಲಿ ನಿಂತಿದ್ರೆ ಅದಕ್ಕೆ ನಮ್ಮಕ್ಕ ಕಾರಣ” ಎಂದ.

ಕರೆಯುತ್ತಾನೆಂದು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಅವನ ಕಣ್ಣು ತುಂಬಿಕೊಂಡವು. ಸುಳ್ಳು ಅಳುವಲ್ಲ, ಅವನ ಅಳು ನನಗೆ ಗೊತ್ತು.

“ನಮ್ಮಕ್ಕ ಬರಗೇರಮ್ಮ ಎಲ್ಲೇ ಇದ್ರೂ ನನ್ನ ನೋಡ್ತಿರ್ತಾಳೆ. ಆಕೆ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಎಲ್ರೂ ಒಂದು ನಿಮಿಷ ಎದ್ದು ನಿಲ್ಲಾಣ. ನೋಡ್ರಿ, ಆ ತಾಯಿ ಆಗ್ಲೇ ಎದ್ದು ನಿಂತವ್ರೆ!”

ಕೈ ತೋರಿಸಿದ್ದು ನನ್ನನ್ನು. ಸಭೆಗೆ ಸಭೆಯೇ ಎದ್ದು ನಿಂತಿತು. ಅವನು ತಲೆ ತಗ್ಗಿಸಿ ಕಣ್ಣು ಮುಚ್ಚಿದ.

ಕೂಗಬಹುದಿತ್ತು. ಲೇ, ನಾನೇ ಕಣೋ ಎಂದು ಒಂದು ಮಾತು ಅಂದಿದ್ದರೆ ಆ ಹಾರ ಅಲ್ಲೇ ಹರಿದು ಬೀಳುತ್ತಿತ್ತು. ಆದರೆ ಇಷ್ಟು ದೊಡ್ಡ ಮೋಸಕ್ಕೆ ಬೈಗುಳವೂ ನನ್ನಲ್ಲಿರಲಿಲ್ಲ. ನನ್ನ ಶಾಂತಿಗೆಂದು ಎಲ್ಲರ ಜೊತೆ ನಾನೂ ನಿಂತೆ, ಕಣ್ಣೀರು ತಾನಾಗಿ ಇಳಿಯಿತು.

ಜನ ಕೂತರು. ನಾನು ಕೂರದೆ ಹೊರಟೆ. ಪಕ್ಕದ ಕುರ್ಚಿಯ ಹೆಂಗಸು ನನ್ನ ಕೈ ಹಿಡಿದುಕೊಂಡಳು.

“ಯಾಕಮ್ಮ ಇಷ್ಟು ಅಳ್ತೀಯ? ನಿಂಗೆ ಆಕೆ ಏನಾಗ್ಬೇಕು?”

“ಆಕೆಗಲ್ಲ ಕಣಮ್ಮ. ನಂಗೊಬ್ಬ ತಮ್ಮ ಇದ್ದ, ತೀರ್ಕಂಡ.”

“ಅಯ್ಯೋ ಶಿವನೇ! ಯಾವಾಗ?”

“ಈಗ ತಾನೇ” ಎಂದೆ.