ಅಲ್ತಾರಿನ ಮೂಲೆಗೆ ಬಂದ ಸಬ್‌ವೂಫರ್

ನಮ್ಮ ಯಜಮಾನರು ಫ್ಲಾಯ್ಡ್, ಇಲ್ಲಿ ಪಿನಾಂಗಿನ ಬಯಾನ್ ಲೆಪಾಸ್‌ನಲ್ಲಿರುವ ಚಿಪ್ ಫ್ಯಾಕ್ಟರಿಯಲ್ಲಿ ದೊಡ್ಡ ಇಂಜಿನಿಯರ್. ಮನೆಯಲ್ಲಿ ಬಲ್ಬ್ ಬದಲಿಸಲು ಮಾತ್ರ ಕಾಂಡೋದ ವಾಚ್‌ಮನ್ನೇ ಬರಬೇಕು. ಇಂಥವರು ಶನಿವಾರ ಬೆಳಿಗ್ಗೆ ನಾಯಿಗೂಡಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಹೊತ್ತು ತಂದರು. ಸಬ್‌ವೂಫರ್ ಅನ್ನುವ ಸ್ಪೀಕರ್ ಅಂತೆ.

"ಎಂತಕ್ಕೆ ಮಾರಾಯ್ರೆ ಇದು?"

"ಬೇಸ್‌ಗೆ, ಆ ದಪ್ಪ ಸದ್ದಿಗೆ, ಜೋಸ್ಲಿನ್. ಹಾಡು ಎದೆಯೊಳಗೆ ಕೇಳಬೇಕು."

ಹೆಂಡತಿ ಹೇಳಿದ್ದು ಕಿವಿಗೇ ಹೋಗದವರಿಗೆ ಎದೆಯೊಳಗೆ ಕೇಳಬೇಕಂತೆ!

ಅದನ್ನು ಎಲ್ಲಿಡಬೇಕು ಅಂತ ತಿಳಿಯಲು ಒಂದು ಕ್ರಮವಿದೆಯಂತೆ. ಪೆಟ್ಟಿಗೆಯನ್ನು ಸೋಫಾದ ಮೇಲೆ ಕೂರಿಸಿ, ಹಾಡು ಹಾಕಿ, ನಾವು ನೆಲದಲ್ಲಿ ಅಂಬೆಗಾಲಿಡಬೇಕು. ಎಲ್ಲಿ ಗುಂಯ್ ಅನ್ನುವುದು ಚೆನ್ನಾಗಿ ಕೇಳುತ್ತದೋ ಅಲ್ಲೇ ಪೆಟ್ಟಿಗೆಯ ಜಾಗ. ಸರಿ, ಪೆಟ್ಟಿಗೆ ಸೋಫಾದಲ್ಲಿ ಮದುಮಗನ ಹಾಗೆ ಕೂತಿತು. ನಲವತ್ತೆಂಟರ ಇಂಜಿನಿಯರ್ ಚಡ್ಡಿಯಲ್ಲಿ ಗೋಡೆಗುಂಟ ತೆವಳಿದರು. "ಪಪ್ಪಾ, ಸ್ಟಾಪ್ ಲಾ," ಅಂತ ಮಗಳು ರೂಮಿನ ಬಾಗಿಲು ಹಾಕಿಕೊಂಡಳು.

ತೆವಳಿ ತೆವಳಿ ಅವರು ನಿಂತದ್ದು ನಾವು ಸಂಜೆ ಜಪಸರ ಹಿಡಿದು ಕೂರುವ ಅಲ್ತಾರಿನ, ಅಂದರೆ ನಮ್ಮ ಪ್ರಾರ್ಥನೆಯ ಮೇಜಿನ, ಬುಡದಲ್ಲಿ. ಅಲ್ಲಿರುವುದು ನನ್ನಮ್ಮನ ಯೇಸುವಿನ ಮೂರ್ತಿ, ಪ್ಲಾಸ್ಟರಿನದು. ಅಮ್ಮ ತೀರಿಕೊಂಡ ವರ್ಷ ಮಂಗಳೂರಿನಿಂದ ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದದ್ದು. ಅಮ್ಮನದ್ದು ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ.

"ಮೇಜು ತೆಗೆದು ಇಲ್ಲಿ ಪೆಟ್ಟಿಗೆ ಇಡುವ. ಮೂರ್ತಿ ಅದರ ಮೇಲೆ. ಅದೂ ಒಂದು ಮೇಜೇ ಅಲ್ವಾ?"

"ಅಲುಗಿದರೆ?"

"ಜೋಸ್ಲಿನ್, ನಾನು ಇಂಜಿನಿಯರ್."

ಹೌದಲ್ಲ, ನನಗೆ ಮರೆತೇ ಹೋಗಿತ್ತು.

ಲೇಸಿನ ಬಟ್ಟೆ ಹಾಸಿ ಮೂರ್ತಿ ಇಟ್ಟೆ. ಇನ್ನು ರೂಮ್ ಕರೆಕ್ಷನ್. ಪೆಟ್ಟಿಗೆ ಸದ್ದು ಮಾಡುತ್ತದೆ, ಕೋಣೆಯ ನಡುವೆ ನಿಲ್ಲಿಸಿದ ಮೈಕು ಕೇಳಿಸಿಕೊಳ್ಳುತ್ತದೆ, ನಮ್ಮ ಗೋಡೆಗಳು ಕೆಡಿಸಿದ್ದನ್ನು ಫೋನಿನ ಆಪ್ ಸರಿಮಾಡುತ್ತದೆ. ಅಷ್ಟು ಹೊತ್ತು ಯಾರೂ ಪಿಟ್ಟೆನ್ನಬಾರದು. ಕುಕ್ಕರ್ ಆರಿಸಿದರು, ಫ್ಯಾನ್ ನಿಲ್ಲಿಸಿದರು, ನನ್ನನ್ನು ಅಡುಗೆಮನೆಗೆ ಅಟ್ಟಿದರು. ಪಿನಾಂಗಿನ ಸೆಕೆಯಲ್ಲಿ ಬೆವರುತ್ತಾ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಗುಂಯ್ಯ್... ಸದ್ದು ಏರಿತು. ಮೂರ್ತಿ ಒಂದು ಬೆರಳಷ್ಟು ಮುಂದೆ ಬಂತು. ಮತ್ತೊಂದು ಬೆರಳು. ನಾನು ಬಾಗಿಲು ತಳ್ಳಿ ಹೊರಗೆ ಬಂದೆ. ಅದು ಅಂಚಿನಿಂದ ವಾಲಿದ್ದೇ ತಡ, ಫ್ಲಾಯ್ಡ್ ಮೈಕನ್ನು ಒದ್ದು, ಟೀಪಾಯಿ ಉರುಳಿಸಿ, ಮೊಣಕಾಲ ಮೇಲೆ ಜಾರಿಕೊಂಡು ಹೋಗಿ ಎರಡೂ ಕೈಯಲ್ಲಿ ಹಿಡಿದರು.

ಗದ್ದಲ ಜಾಸ್ತಿಯಾಯಿತು, ಮತ್ತೆ ಅಳೆಯಿರಿ ಅಂತ ಆಪ್ ಹೇಳಿತು. ಅದಕ್ಕೆಂತ ಗೊತ್ತು!

ಅವರ ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಮೂರ್ತಿ ನನ್ನ ಕೈಗಿಟ್ಟು, "ಅಮ್ಮನಿಗೆ ಏನೂ ಆಗಿಲ್ಲ, ನೋಡು," ಅಂದರು.

ಯೇಸುವಿಗೆ ಅನ್ನಲಿಲ್ಲ, ಅಮ್ಮನಿಗೆ ಅಂದರು. ಬೈಯಲು ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಬಿಟ್ಟು ಅವರ ಮೊಣಕಾಲಿಗೆ ಹಚ್ಚಲು ಮುಲಾಮು ತಂದೆ.

ಪೆಟ್ಟಿಗೆ ಈಗಲೂ ಅದೇ ಮೂಲೆಯಲ್ಲಿದೆ, ಮೂರ್ತಿಯೂ ಅದರ ಮೇಲೇ ಇದೆ. ಇಷ್ಟು ದುಬಾರಿ ಮೇಜು ಇಡೀ ಪಿನಾಂಗಿನಲ್ಲಿ ಯಾವ ಅಲ್ತಾರಿಗೂ ಇರಲಿಕ್ಕಿಲ್ಲ. ಅದರ ಕರೆಂಟಿನ ವಯರನ್ನು ಅವರೇ ಕಿತ್ತು, ಸುತ್ತಿ, ನನ್ನ ಕೈಗೆ ಕೊಟ್ಟರು. ನನ್ನ ಸೀರೆಯ ಕಪಾಟಿನಲ್ಲಿದೆ. ಕೇಳಿದರೆ ಕೊಡುತ್ತೇನೆ. ಇನ್ನೂ ಕೇಳಿಲ್ಲ.